ಯಾರ ಉಸಿರಿಗೆ ಎಷ್ಟು ಹೊಗೆ?

ಚಳಿಗಾಲ ಬಂತೆಂದರೆ ದೆಹಲಿಯ ಸುದ್ದಿ ಬರುತ್ತದೆ. ಅಲ್ಲಿನ ವಾಯು ಗುಣಮಟ್ಟ ಸೂಚ್ಯಂಕ 400 ದಾಟಿತು, ಶಾಲೆಗಳಿಗೆ ರಜೆ ಕೊಟ್ಟರು ಎಂದು ಓದುವಾಗ ಬೆಂಗಳೂರಿನವರು ಮೊಬೈಲ್ ತೆರೆದು ತಮ್ಮ ಊರಿನ ಅಂಕಿ ನೋಡಿಕೊಳ್ಳುತ್ತಾರೆ. 80, 90, ಕೆಲವು ದಿನ 110. ಸರ್ಕಾರದ ಪಟ್ಟಿಯಲ್ಲಿ 51ರಿಂದ 100ರವರೆಗಿನ ಗಾಳಿ ‘ತೃಪ್ತಿಕರ’. ಸದ್ಯ ನಾವು ಬಚಾವು ಎಂದುಕೊಂಡು ಮೊಬೈಲನ್ನು ಜೇಬಿಗೆ ಇಳಿಸುತ್ತೇವೆ.

ಆ ಒಂದು ಅಂಕಿಯೊಳಗೆ ಯಾರೆಲ್ಲ ಇದ್ದಾರೆ ನೋಡಿ. ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಪಾಳಿ ಮುಗಿಯುವವರೆಗೂ ನಿಂತಿರುವ ಸಂಚಾರ ಪೊಲೀಸ್ ಇದ್ದಾರೆ. ಕೆ.ಆರ್. ಮಾರ್ಕೆಟ್‌ನ ಎದುರು ಬಸ್ಸುಗಳು ತಿರುಗುವ ಜಾಗದಲ್ಲೇ ಹೂ ಕಟ್ಟುತ್ತ ಕೂತ ಹೆಂಗಸು, ಬೆಳಕು ಹರಿಯುವ ಮುನ್ನ ರಸ್ತೆ ಗುಡಿಸಲು ಬಂದ ಪೌರಕಾರ್ಮಿಕರು, ಮೈಸೂರು ರಸ್ತೆಗೆ ಬಾಗಿಲು ತೆರೆದುಕೊಂಡ ಅಂಗನವಾಡಿಯ ಮಕ್ಕಳು ಇದ್ದಾರೆ. ಸದಾಶಿವನಗರದ ಮರಗಳ ನಡುವೆ ನಿವೃತ್ತ ಜೀವನ ಕಳೆಯುತ್ತಿರುವವರೂ, ವೈಟ್‌ಫೀಲ್ಡ್‌ನ ಹದಿನಾಲ್ಕನೇ ಮಹಡಿಯಲ್ಲಿ ಗಾಳಿ ಶುದ್ಧಕ ಹಾಕಿಕೊಂಡು ಮಲಗುವವರೂ ಅದೇ ಅಂಕಿಯೊಳಗೆ ಇದ್ದಾರೆ. ಇವರೆಲ್ಲರ ಶ್ವಾಸಕೋಶಗಳನ್ನು ಕೂಡಿಸಿ ಭಾಗಿಸಿದಂತೆ ಒಂದು ಸಂಖ್ಯೆ ಹೇಳುತ್ತೇವೆ, ಅದನ್ನೇ ಹಿಡಿದು ಕೋಟಿಗಟ್ಟಲೆ ಹಣದ ಯೋಜನೆ ರೂಪಿಸುತ್ತೇವೆ. ನನ್ನ ತಕರಾರು ಇರುವುದು ಇಲ್ಲೇ.

ಆ ‘ತೃಪ್ತಿಕರ’ದ ಬಗ್ಗೆಯೂ ಒಂದು ಮಾತು ಹೇಳಬೇಕು. ಸೂಕ್ಷ್ಮ ಕಣಗಳಿಂದಾಗಿ ಸೂಚ್ಯಂಕ 80 ಬಂದಿದೆ ಎಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 48 ಮೈಕ್ರೋಗ್ರಾಂ ಪಿಎಂ 2.5 ಇದೆ ಎಂದರ್ಥ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಒಂದು ದಿನದ ಸರಾಸರಿ 15 ಮೀರಬಾರದು. ವರ್ಷದ ಸರಾಸರಿ 5ನ್ನು ಮೀರಬಾರದು. ನಮ್ಮ ದೇಶದ 2009ರ ಮಾನದಂಡ ವರ್ಷಕ್ಕೆ 40ರವರೆಗೆ ಬಿಟ್ಟುಕೊಡುತ್ತದೆ. ದೆಹಲಿಯ ಪಕ್ಕದಲ್ಲಿ ನಿಲ್ಲಿಸಿದರೆ ಯಾವ ಊರಿನ ಗಾಳಿಯೂ ಚೆನ್ನಾಗಿಯೇ ಕಾಣುತ್ತದೆ.

ಬೆಂಗಳೂರಿನಲ್ಲಿ ಗಾಳಿಯನ್ನು ಎಡೆಬಿಡದೆ ಅಳೆಯುವ ಸ್ವಯಂಚಾಲಿತ ಕೇಂದ್ರಗಳು ಹತ್ತು–ಹದಿನೈದರ ಆಸುಪಾಸಿನಲ್ಲಿವೆ. ಸಿಟಿ ರೈಲು ನಿಲ್ದಾಣ, ಪೀಣ್ಯ, ಸಿಲ್ಕ್ ಬೋರ್ಡ್, ಹೆಬ್ಬಾಳ, ಬಾಪೂಜಿನಗರ, ಹೊಂಬೇಗೌಡ ನಗರ, ಜಯನಗರ 5ನೇ ಬ್ಲಾಕ್, ಬಿಟಿಎಂ ಬಡಾವಣೆ, ಕಾಡುಬೀಸನಹಳ್ಳಿ ಮುಂತಾದ ಕಡೆ. 700 ಚದರ ಕಿ.ಮೀ.ಗೂ ಮಿಕ್ಕ, ಕೋಟಿ ದಾಟಿದ ಜನರ ನಗರಕ್ಕೆ ಇಷ್ಟು. ಈ ಕೇಂದ್ರಗಳು ಬೇಕು. ದುಬಾರಿ ಯಂತ್ರಗಳಿಂದ ನಂಬಬಹುದಾದ ಅಳತೆ ಕೊಡುತ್ತವೆ, ಹೋದ ವರ್ಷಕ್ಕಿಂತ ಈ ವರ್ಷ ಏನಾಯಿತು ಎಂದು ಹೇಳುತ್ತವೆ, ನ್ಯಾಯಾಲಯದಲ್ಲಿ ನಿಲ್ಲುವ ದಾಖಲೆ ಆಗುತ್ತವೆ. ಆದರೆ ಅವುಗಳ ಕೆಲಸ ಸುತ್ತಲಿನ ಪ್ರದೇಶದ ಒಟ್ಟು ಗಾಳಿ ಹೇಗಿದೆ ಎಂದು ಹೇಳುವುದು. ನಮ್ಮ ಬೀದಿಯ ಶಾಲೆಯ ಮಕ್ಕಳು ಏನನ್ನು ಉಸಿರಾಡುತ್ತಿದ್ದಾರೆ ಎಂದು ಕೇಳಿದರೆ ಅವು ಉತ್ತರ ಕೊಡಲಾರವು.

ಅದಕ್ಕೆ ಕಾರಣ ಹೊಗೆಯ ಸ್ವಭಾವದಲ್ಲಿಯೇ ಇದೆ. ಎಲ್ಲ ಮಾಲಿನ್ಯವೂ ಒಂದೇ ರೀತಿ ಹರಡುವುದಿಲ್ಲ. ಪಿಎಂ 2.5 ಎಂದು ನಾವು ಕರೆಯುವ ಕಣಗಳಲ್ಲಿ ದೊಡ್ಡ ಪಾಲು ದೂರದಿಂದ ಬರುತ್ತದೆ, ಇಲ್ಲವೇ ಅನಿಲಗಳು ಗಾಳಿಯಲ್ಲೇ ಮಾರ್ಪಟ್ಟು ಹುಟ್ಟುತ್ತದೆ. ಹಾಗಾಗಿ ಅದು ಊರಿನ ಮೇಲೆಲ್ಲ ಹೆಚ್ಚು ಕಡಿಮೆ ಒಂದೇ ಸಮ ಕವಿದಿರುತ್ತದೆ. ಡೀಸೆಲ್ ಎಂಜಿನ್ನಿನಿಂದ ಈಗಷ್ಟೇ ಹೊರಬಿದ್ದ ಕಪ್ಪು ಮಸಿ, ನೈಟ್ರೋಜನ್ ಡೈಆಕ್ಸೈಡ್, ಕಣ್ಣಿಗೆ ಕಾಣದ ಅತಿಸೂಕ್ಷ್ಮ ಕಣಗಳು ಹಾಗಲ್ಲ. ಅವು ರಸ್ತೆಯ ಮೇಲೆ ದಟ್ಟವಾಗಿದ್ದು, ಕೆಲವು ನೂರು ಮೀಟರ್ ಒಳಗೆ ಹೋಗುವಷ್ಟರಲ್ಲಿ ತೀರಾ ಇಳಿದುಬಿಡುತ್ತವೆ. ವಾಹನ ಮಾಲಿನ್ಯದ ಬಗ್ಗೆ ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ 2010ರಲ್ಲಿ ನೂರಾರು ಅಧ್ಯಯನಗಳನ್ನು ಜಾಲಾಡಿ ಹೇಳಿದ್ದೂ ಇದನ್ನೇ: ಹೆದ್ದಾರಿಯಿಂದ 300ರಿಂದ 500 ಮೀಟರ್ ಒಳಗೆ ಇರುವವರ ಮೇಲೆ ಪೆಟ್ಟು ಹೆಚ್ಚು. ನಮ್ಮ ಸೂಚ್ಯಂಕ ಬಹುತೇಕ ದಿನಗಳಲ್ಲಿ ಕಣಗಳ ತೂಕವನ್ನೇ ಆಧರಿಸಿ ಬರುವುದರಿಂದ ಬೀದಿಬೀದಿಗೆ ಬದಲಾಗುವ ಈ ವ್ಯತ್ಯಾಸ ಅದರಲ್ಲಿ ಕಾಣುವುದೇ ಇಲ್ಲ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಊರು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್. ಬೀದಿಗಳ ಚಿತ್ರ ತೆಗೆಯಲು ಗೂಗಲ್ ಓಡಿಸುವ ಎರಡು ಕಾರುಗಳಿಗೆ ಗಾಳಿ ಅಳೆಯುವ ಯಂತ್ರಗಳನ್ನು ಕೂರಿಸಿ, 2015–16ರಲ್ಲಿ ಒಂದು ವರ್ಷ ಕಾಲ ಸುಮಾರು 30 ಚದರ ಕಿ.ಮೀ. ವ್ಯಾಪ್ತಿಯ ಪ್ರತಿ ಬೀದಿಯಲ್ಲೂ ಮತ್ತೆ ಮತ್ತೆ ಓಡಿಸಿದರು. ಜೋಶುವಾ ಆಪ್ಟೆ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 2017ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಪ್ರತಿ 30 ಮೀಟರಿಗೆ ಒಂದು ಅಳತೆ ಇರುವ ನಕ್ಷೆ ಅದು. ಒಂದೇ ಬೀದಿಯ ಈ ತುದಿಗೂ ಆ ತುದಿಗೂ ಮಾಲಿನ್ಯದಲ್ಲಿ ಐದರಿಂದ ಎಂಟು ಪಟ್ಟು ವ್ಯತ್ಯಾಸ ಇರುವ ಜಾಗಗಳು ಅದರಲ್ಲಿ ಸಿಕ್ಕವು. ಅದು ಒಂದು ದಿನದ ಆಕಸ್ಮಿಕವೂ ಆಗಿರಲಿಲ್ಲ. ವರ್ಷವಿಡೀ ಅದೇ ಮೂಲೆ ಕಪ್ಪು, ಅದೇ ಓಣಿ ಸ್ವಚ್ಛ. ಹತ್ತಿಪ್ಪತ್ತು ದಿನ ಓಡಿಸಿದರೂ ಸಾಕು, ಈ ವಿನ್ಯಾಸ ಮೂಡಿಬರುತ್ತದೆ ಎಂಬುದೂ ಅವರಿಗೆ ಕಂಡಿತು. ದುಡ್ಡಿನ ಲೆಕ್ಕ ನೋಡಬೇಕಾದ ಊರುಗಳಿಗೆ ಇದು ದೊಡ್ಡ ಸಮಾಚಾರ.

ಇದರ ಮುಂದಿನ ಹೆಜ್ಜೆಯಾಗಿ ಅಲ್ಲಿನ 40 ಸಾವಿರಕ್ಕೂ ಹೆಚ್ಚು ಜನರ ಆಸ್ಪತ್ರೆ ದಾಖಲೆಗಳನ್ನು ಈ ನಕ್ಷೆಯ ಮೇಲಿಟ್ಟು ನೋಡಿದಾಗ, ಹೊಗೆ ಹೆಚ್ಚಿರುವ ಬೀದಿಗಳ ವಯಸ್ಸಾದವರಲ್ಲಿ ಹೃದಯದ ತೊಂದರೆಗಳು ಹೆಚ್ಚಿದ್ದುದು 2018ರ ಅಧ್ಯಯನದಲ್ಲಿ ಕಂಡುಬಂತು. ಊರಿನ ಸರಾಸರಿಗೆ ಕಾಣದ ಕಾಯಿಲೆ ಬೀದಿಯ ಲೆಕ್ಕಕ್ಕೆ ಕಂಡಿತು.

ಓಕ್‌ಲ್ಯಾಂಡ್‌ನ ನಕ್ಷೆಯಲ್ಲಿ ಒಂದು ಹಳೆಯ ಸರ್ಕಾರಿ ತೀರ್ಮಾನವೂ ಅಚ್ಚಾಗಿದೆ. ಆ ಊರಿನಲ್ಲಿ ಎರಡು ಹೆದ್ದಾರಿಗಳು ಹೆಚ್ಚು ಕಡಿಮೆ ಸಮಾನಾಂತರವಾಗಿ ಹೋಗುತ್ತವೆ. ಗುಡ್ಡದ ಕಡೆಯ, ಅನುಕೂಲಸ್ಥರು ವಾಸಿಸುವ ಪ್ರದೇಶ ಹಾದು ಹೋಗುವ 580ನೇ ಹೆದ್ದಾರಿಯಲ್ಲಿ ದಶಕಗಳಿಂದ ಭಾರಿ ಲಾರಿಗಳಿಗೆ ಪ್ರವೇಶವಿಲ್ಲ. ಅವೆಲ್ಲ ಬಂದರಿನ ಪಕ್ಕ, ಬಡವರ ಮತ್ತು ಕಪ್ಪು ಜನರ ಬಡಾವಣೆಗಳನ್ನು ಸೀಳಿಕೊಂಡು ಹೋಗುವ 880ನೇ ಹೆದ್ದಾರಿಯಲ್ಲಿ ಓಡುತ್ತವೆ. ಲಾರಿ ಈ ಕಡೆ ಬೇಡ ಎಂದು ಒಂದು ಕಾಲದಲ್ಲಿ ಹಾಕಿದ ಫಲಕ, ಆ ಕಡೆಯ ಮೂರು ತಲೆಮಾರಿನ ಎದೆಗೆ ಹೊಗೆ ತುಂಬಿತು. ಬಂದರಿನ ಪಕ್ಕದ ವೆಸ್ಟ್ ಓಕ್‌ಲ್ಯಾಂಡ್‌ನ ಜನಕ್ಕೆ ಇದು ಯಂತ್ರ ಬರುವ ಮೊದಲೇ ಗೊತ್ತಿತ್ತು. ಮಾರ್ಗರೆಟ್ ಗೋರ್ಡನ್ ಎಂಬ ಹಿರಿಯ ಹೋರಾಟಗಾರ್ತಿ ಕಟ್ಟಿದ ಸಂಘಟನೆಯವರು ವರ್ಷಗಳ ಹಿಂದೆಯೇ ತಮ್ಮ ಬೀದಿಗಳಲ್ಲಿ ನಿಂತು ಎಷ್ಟು ಲಾರಿ ಹೋದವು, ಎಷ್ಟು ಹೊತ್ತು ಎಂಜಿನ್ ಆರಿಸದೆ ನಿಂತವು ಎಂದು ಎಣಿಸಿ ಬರೆದಿಟ್ಟಿದ್ದರು.

2017ರಲ್ಲಿಯೇ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿ, ಹೊಗೆಯ ಹೊರೆ ಹೆಚ್ಚಿರುವ ಬಡಾವಣೆಗಳನ್ನು ಗುರುತಿಸಿ ಅಲ್ಲಿನ ನಿವಾಸಿಗಳ ಜೊತೆ ಕೂತೇ ಯೋಜನೆ ಬರೆಯಬೇಕು ಎಂದಿತು. ಅದರಂತೆ 2019ರಲ್ಲಿ ವೆಸ್ಟ್ ಓಕ್‌ಲ್ಯಾಂಡ್‌ಗೆ 89 ಅಂಶಗಳ ಯೋಜನೆ ಸಿದ್ಧವಾಯಿತು. ಲಾರಿಗಳ ಮಾರ್ಗ, ನಿಲುಗಡೆ ತಾಣ, ಬಂದರಿನ ಯಂತ್ರಗಳನ್ನು ವಿದ್ಯುತ್ತಿಗೆ ಬದಲಿಸುವುದು ಎಲ್ಲ ಅದರಲ್ಲಿವೆ. ನನ್ನ ಗಮನ ಸೆಳೆದದ್ದು ಅದರ ಗುರಿ. ಒಟ್ಟು ಪ್ರದೇಶದ ಸರಾಸರಿಯನ್ನು ಇಷ್ಟು ಶೇಕಡ ಇಳಿಸುತ್ತೇವೆ ಎಂದು ಅವರು ಬರೆಯಲಿಲ್ಲ. 2025ರ ಹೊತ್ತಿಗೆ ಅಲ್ಲಿನ ಪ್ರತಿ ಬೀದಿಯ ಗಾಳಿಯೂ ಆಗಿನ ಸರಾಸರಿ ಬೀದಿಯಷ್ಟಾದರೂ ಚೆನ್ನಾಗಿರಬೇಕು, 2030ರ ಹೊತ್ತಿಗೆ ಆಗಿನ ಅತಿ ಸ್ವಚ್ಛ ಬೀದಿಯ ಮಟ್ಟಕ್ಕೆ ಬರಬೇಕು ಎಂದು ಬರೆದರು. ಹೀಗೆ ಬರೆದ ಗುರಿಯನ್ನು ಈಗಾಗಲೇ ಚೆನ್ನಾಗಿರುವ ಜಾಗವನ್ನು ಇನ್ನಷ್ಟು ಚೆನ್ನಾಗಿಸಿ ಮುಟ್ಟಲಾಗುವುದಿಲ್ಲ. ಅತಿ ಕೆಟ್ಟ ಬೀದಿಗೆ ಇಳಿದು ಕೆಲಸ ಮಾಡಲೇಬೇಕು.

ಇದೇ ವಿಧಾನ ಬೆಂಗಳೂರಿಗೂ ಬಂದಿದೆ. ನಗರದ ಐಎಲ್‌ಕೆ ಲ್ಯಾಬ್ಸ್, ಸಿಸ್ಟೆಪ್ ಸಂಸ್ಥೆ ಮತ್ತು ಆಪ್ಟೆಯವರೂ ಸೇರಿದಂತೆ ಅಮೆರಿಕದ ಸಂಶೋಧಕರು ಒಟ್ಟಾಗಿ, ಯಂತ್ರ ಹೊತ್ತ ಕಾರನ್ನು ಬೇರೆ ಬೇರೆ ಋತುಗಳಲ್ಲಿ ಇಲ್ಲಿನ ರಸ್ತೆಗಳಲ್ಲಿ ಓಡಿಸಿ ಮಸಿ, ಅತಿಸೂಕ್ಷ್ಮ ಕಣ, ಪಿಎಂ 2.5 ಮುಂತಾದವನ್ನು ಅಳೆದಿದ್ದಾರೆ. ಇಲ್ಲೂ ಅದೇ ಕಥೆ: ಹೆದ್ದಾರಿಗಳ ಮೇಲೆ ಮಸಿ ದಟ್ಟ, ವಸತಿ ರಸ್ತೆಗಳಲ್ಲಿ ವಿರಳ, ಪಿಎಂ 2.5ರಲ್ಲಿ ಮಾತ್ರ ಅಷ್ಟೊಂದು ಏರುಪೇರಿಲ್ಲ. ವಿಜ್ಞಾನ ನಮ್ಮ ಊರಿನಲ್ಲೇ, ನಮ್ಮ ರಸ್ತೆಗಳಲ್ಲೇ ಸಿದ್ಧವಿದೆ. ಅದನ್ನು ಆಡಳಿತದ ಮೇಜಿನ ಮೇಲೆ ತಂದಿಡುವ ಕೆಲಸ ಬಾಕಿ.

ಇಷ್ಟಾದರೂ ಇದು ಗಾಳಿಯ ನಕ್ಷೆ. ಉಸಿರಿನ ನಕ್ಷೆ ಬೇರೆ. ಗಾಳಿಯ ನಕ್ಷೆ ಹೊಗೆ ಎಲ್ಲಿದೆ ಎಂದು ಹೇಳುತ್ತದೆ. ಅಲ್ಲಿ ಯಾರಿದ್ದಾರೆ, ಎಷ್ಟು ಹೊತ್ತು ಇದ್ದಾರೆ, ಎಷ್ಟು ಜೋರಾಗಿ ಉಸಿರಾಡುತ್ತಿದ್ದಾರೆ ಎಂಬುದನ್ನು ಸೇರಿಸಿದಾಗ ಮಾತ್ರ ಉಸಿರಿನ ನಕ್ಷೆ ಆಗುತ್ತದೆ. ಹೊರವರ್ತುಲ ರಸ್ತೆಯಲ್ಲಿ ಗಾಜು ಏರಿಸಿಕೊಂಡು ಎಸಿ ಹಾಕಿಕೊಂಡು ಹೋಗುವವರೂ, ಅದೇ ರಸ್ತೆಯ ಪಕ್ಕ ತಳ್ಳುಗಾಡಿಯಲ್ಲಿ ದಿನವಿಡೀ ಇಡ್ಲಿ ಮಾರುವವರೂ ಗಾಳಿಯ ನಕ್ಷೆಯಲ್ಲಿ ಒಂದೇ ಚುಕ್ಕೆ. ಮೂಟೆ ಹೊರುವ ಹಮಾಲಿಯ ಎದೆ, ಕುರ್ಚಿಯಲ್ಲಿ ಕೂತವರಿಗಿಂತ ಹಲವು ಪಟ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ಮಗು ತನ್ನ ಮೈತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಉಸಿರಾಡುತ್ತದೆ, ಅದರ ಮೂಗು ಇರುವುದು ವಾಹನಗಳ ಹೊಗೆಕೊಳವೆಯ ಎತ್ತರದ ಹತ್ತಿರ.

ಇದಕ್ಕೆ ನಮ್ಮ ದೇಶದ್ದೇ ಒಂದು ಒಳ್ಳೆಯ ಅಳತೆ ಇದೆ. 2010ರಲ್ಲಿ ಆಪ್ಟೆ ಮತ್ತು ಸಂಗಡಿಗರು ದೆಹಲಿಯಲ್ಲಿ ಆಟೊ ಏರಿ ಯಂತ್ರ ಹಿಡಿದು ಓಡಾಡಿದರು. ಊರಿನ ಸಾಮಾನ್ಯ ಗಾಳಿಯಲ್ಲಿದ್ದುದಕ್ಕಿಂತ ಆಟೊ ಒಳಗೆ ಪಿಎಂ 2.5 ಒಂದೂವರೆ ಪಟ್ಟು ಇತ್ತು. ಮಸಿ ಮೂರೂವರೆ ಪಟ್ಟು, ಅತಿಸೂಕ್ಷ್ಮ ಕಣಗಳ ಸಂಖ್ಯೆ ಸುಮಾರು ಎಂಟು ಪಟ್ಟು. ದೆಹಲಿಯ ಸಾಮಾನ್ಯ ಗಾಳಿಯೇ ಎಂಥದ್ದು ಎಂದು ಗೊತ್ತಿರುವಾಗ ಅದರ ಎಂಟು ಪಟ್ಟು ಎಂದರೆ ಏನೆಂದು ಯೋಚಿಸಿ. ಪ್ರಯಾಣಿಕರು ಅರ್ಧ ಗಂಟೆಗೆ ಇಳಿದು ಹೋಗುತ್ತಾರೆ. ಚಾಲಕ ಹತ್ತು ಹನ್ನೆರಡು ಗಂಟೆ ಅದರಲ್ಲೇ ಇರುತ್ತಾನೆ. ಬೆಂಗಳೂರಿನ ಆಟೊ ಚಾಲಕರು, ಬಿಎಂಟಿಸಿಯ ಚಾಲಕ–ನಿರ್ವಾಹಕರು, ಮನೆಬಾಗಿಲಿಗೆ ಊಟ ತಲುಪಿಸುವ ಹುಡುಗರು ಯಾವ ವಾರ್ಡಿನ ಲೆಕ್ಕದಲ್ಲಿ ಬರುತ್ತಾರೆ? ಜನಗಣತಿ ಅವರನ್ನು ಎಣಿಸುವುದು ರಾತ್ರಿ ಮಲಗುವ ಮನೆಯಲ್ಲಿ. ಅವರ ಉಸಿರು ಖರ್ಚಾಗುವುದು ರಸ್ತೆಯಲ್ಲಿ.

ಇನ್ನೊಂದು ಲೆಕ್ಕ ಇದಕ್ಕಿಂತ ಬಲವಾದದ್ದು. ಎಲ್ಲೋ ಒಂದು ಟನ್ ಹೊಗೆ ಹೊರಬಿತ್ತು ಎನ್ನೋಣ. ಅದರಲ್ಲಿ ಎಷ್ಟು ಗ್ರಾಂ ಮನುಷ್ಯರ ಎದೆಯೊಳಗೆ ಹೋಯಿತು? 2012ರಲ್ಲಿ ಜಗತ್ತಿನ 3,646 ನಗರಗಳಿಗೆ ಈ ಲೆಕ್ಕ ಹಾಕಿದಾಗ, ನೆಲಮಟ್ಟದಲ್ಲಿ ಹೊರಬೀಳುವ ಪ್ರತಿ ಟನ್ನಿಗೆ ಸರಾಸರಿ 39 ಗ್ರಾಂ ಒಳಗೆ ಹೋಗುತ್ತದೆ ಎಂದು ಬಂತು. ಢಾಕಾದಂಥ ಇಕ್ಕಟ್ಟಿನ ಊರಿನಲ್ಲಿ 260 ಗ್ರಾಂ. ಊರಾಚೆಯ ಎತ್ತರದ ಚಿಮಣಿಯಿಂದ ಹೋಗುವ ಟನ್ನಿನಲ್ಲಿ ಎದೆಗೆ ಇಳಿಯುವುದು ಇದರ ಸಣ್ಣ ಅಂಶ ಮಾತ್ರ. ಅಂದರೆ ಹೊಗೆ ಎಷ್ಟು ಎಂಬುದರಷ್ಟೇ ಅದು ಯಾರ ಪಕ್ಕದಲ್ಲಿ ಹುಟ್ಟುತ್ತದೆ ಎಂಬುದೂ ಮುಖ್ಯ. ಕರೆಂಟ್ ಹೋದಾಗ ಅಪಾರ್ಟ್‌ಮೆಂಟಿನ ಕಾಂಪೌಂಡಿನಲ್ಲಿ ಗುಡುಗುವ ಡೀಸೆಲ್ ಜನರೇಟರ್, ಖಾಲಿ ನಿವೇಶನದಲ್ಲಿ ಪ್ಲಾಸ್ಟಿಕ್ ಸಮೇತ ಸುಡುವ ಕಸದ ರಾಶಿ, ಡಿಸೆಂಬರಿನ ಬೆಳಗ್ಗೆ ಕಾವಲುಗಾರರು ಬೆಚ್ಚಗಾಗಲು ಹಚ್ಚುವ ಕಸಕಡ್ಡಿಯ ಬೆಂಕಿ, ಕಲ್ಯಾಣ ಮಂಟಪದ ಹಿಂದಿನ ಸೌದೆ ಒಲೆ: ಊರಿನ ಒಟ್ಟು ಹೊಗೆಯ ಪಟ್ಟಿಯಲ್ಲಿ ಇವು ಕೆಳಗಿನ ಸಾಲುಗಳು. ಉಸಿರಿನ ಪಟ್ಟಿಯಲ್ಲಿ ಮೇಲಕ್ಕೆ ಬರುತ್ತವೆ, ಏಕೆಂದರೆ ಅವು ಕಿಟಕಿಯ ಕೆಳಗೇ ಉರಿಯುತ್ತವೆ. ಇವುಗಳಲ್ಲಿ ಹಲವನ್ನು ಸರಿಪಡಿಸಲು ಮೇಲ್ಸೇತುವೆಯ ಖರ್ಚಿನ ಸಾವಿರದ ಒಂದು ಪಾಲೂ ಬೇಕಾಗಿಲ್ಲ.

ಈಗ ಹಣ ಎಲ್ಲಿಗೆ ಹೋಗುತ್ತಿದೆ ನೋಡೋಣ. ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುಮಾಡಿತು. ದೇಶದ 131 ನಗರಗಳು ಅದರಲ್ಲಿವೆ. ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ. ಕೊಳಕು ಗಾಳಿಯನ್ನು ರಾಷ್ಟ್ರದ ಸಮಸ್ಯೆ ಎಂದು ಮೊದಲ ಬಾರಿ ಒಪ್ಪಿಕೊಂಡ ಕಾರ್ಯಕ್ರಮ ಅದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಊರುಗಳ ಸಾಧನೆಯನ್ನು ಅಳೆಯುವುದು ಪಿಎಂ 10ರ ಇಳಿಕೆಯಿಂದ, ಅಂದರೆ ದಪ್ಪ ಕಣವೂ ಸೇರಿದ ದೂಳಿನಿಂದ. ಹೀಗೆ ಅಳೆದರೆ ಏನಾಗಬೇಕೋ ಅದೇ ಆಯಿತು. ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ ಖರ್ಚಾದ ಹಣದಲ್ಲಿ ಶೇ 64ರಷ್ಟು ರಸ್ತೆ ದೂಳಿನ ನಿಯಂತ್ರಣಕ್ಕೇ ಹೋಗಿತ್ತು: ರಸ್ತೆ ಡಾಂಬರೀಕರಣ, ಗುಂಡಿ ಮುಚ್ಚುವುದು, ಗುಡಿಸುವ ಯಂತ್ರ, ನೀರು ಚಿಮುಕಿಸುವ ವಾಹನ. ವಾಹನಗಳ ಹೊಗೆಗೆ ಶೇ 12.63. ಕೈಗಾರಿಕೆಗಳ ಹೊಗೆಗೆ ಶೇ 0.61.

ದೂಳು ನಿರ್ಲಕ್ಷಿಸುವ ವಸ್ತುವಲ್ಲ. ಗುಂಡಿ ಬಿದ್ದ ರಸ್ತೆಯ ಪಕ್ಕ ಅಂಗಡಿ ಇಟ್ಟವರನ್ನು ಕೇಳಿದರೆ ಹೇಳುತ್ತಾರೆ. ಆದರೆ ದಪ್ಪ ದೂಳಿನ ಬಹುಪಾಲು ಮೂಗು, ಗಂಟಲಿನಲ್ಲಿ ನಿಲ್ಲುತ್ತದೆ. ಎಂಜಿನ್ನಿನ ಮಸಿ ಶ್ವಾಸಕೋಶದ ತುದಿಯವರೆಗೆ ಇಳಿಯುತ್ತದೆ, ಅದರ ಅತಿಸೂಕ್ಷ್ಮ ಕಣಗಳು ರಕ್ತಕ್ಕೂ ಸೇರುತ್ತವೆ. ಗುಡಿಸುವ ಯಂತ್ರ ಕೊಂಡು ಅಂಕಿ ಇಳಿಸಿದ ಊರು ಬಹುಮಾನ ಪಡೆಯುತ್ತದೆ. ಶಾಲೆಯ ಎದುರಿನ ಬಸ್ ನಿಲ್ದಾಣವನ್ನು ನೂರು ಮೀಟರ್ ಆಚೆ ಸರಿಸಿ ಐನೂರು ಮಕ್ಕಳ ಎದೆ ಉಳಿಸಿದ ಊರಿನ ಸಾಧನೆ ಯಾವ ಕಾಲಮ್ಮಿನಲ್ಲೂ ದಾಖಲಾಗುವುದಿಲ್ಲ. ಅಧಿಕಾರಿಗಳನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಕೊಟ್ಟಿರುವ ಅಳತೆಗೋಲು ಅಂಥದ್ದು.

ಉಸಿರಿನ ನಕ್ಷೆ ಕೈಯಲ್ಲಿದ್ದರೆ ಎಷ್ಟೋ ತೀರ್ಮಾನಗಳ ದಿಕ್ಕೇ ಬದಲಾಗುತ್ತದೆ. ಬಿಎಂಟಿಸಿಗೆ ಹೊಸ ಎಲೆಕ್ಟ್ರಿಕ್ ಬಸ್ಸುಗಳು ಬಂದಾಗ ಮೊದಲು ಯಾವ ಮಾರ್ಗಕ್ಕೆ ಹಾಕಬೇಕು? ಈಗ ಡಿಪೋದ ಅನುಕೂಲ, ಚಾರ್ಜಿಂಗ್ ವ್ಯವಸ್ಥೆ ನೋಡಿ ಹಾಕುತ್ತಾರೆ. ಇಕ್ಕಟ್ಟಾದ, ಜನ ರಸ್ತೆಯ ಮೇಲೇ ಬದುಕುವ ಕಲಾಸಿಪಾಳ್ಯ, ಶಿವಾಜಿನಗರ, ಮಾರ್ಕೆಟ್ ಕಡೆಗೆ ಹಾಕಿದರೆ ಅದೇ ಬಸ್ಸು, ಅದೇ ಖರ್ಚಿನಲ್ಲಿ, ಹೆಚ್ಚು ಎದೆಗಳನ್ನು ಉಳಿಸುತ್ತದೆ. ಪೌರಕಾರ್ಮಿಕರು ಬೆಳಗ್ಗೆ ಯಾವ ಹೊತ್ತಿಗೆ ಮುಖ್ಯರಸ್ತೆ ಗುಡಿಸಬೇಕು, ಯಾವ ರಸ್ತೆಗೆ ಯಂತ್ರವನ್ನೇ ಕಳುಹಿಸಬೇಕು ಎಂಬುದೂ ನಕ್ಷೆ ನೋಡಿ ತೀರ್ಮಾನಿಸಬೇಕಾದದ್ದೇ. ಚಳಿಗಾಲದ ಬೆಳಗ್ಗೆ ಹೊಗೆ ಮೇಲೇರದೆ ನೆಲಕ್ಕೇ ಅಂಟಿಕೊಂಡಿರುತ್ತದೆ. ನಾವು ಮಕ್ಕಳನ್ನು ಶಾಲೆಗೆ ಕಳುಹಿಸುವುದೂ ಅದೇ ಹೊತ್ತಿಗೆ.

ಶಾಲೆಯ ವಿಷಯದಲ್ಲಿ ಕ್ಯಾಲಿಫೋರ್ನಿಯಾ 2003ರಲ್ಲೇ ಒಂದು ಕಾನೂನು ಮಾಡಿದೆ. ಹೆದ್ದಾರಿಯಿಂದ 500 ಅಡಿ ಒಳಗೆ ಹೊಸ ಸರ್ಕಾರಿ ಶಾಲೆ ಕಟ್ಟುವಂತಿಲ್ಲ. ಬೇರೆ ದಾರಿಯೇ ಇಲ್ಲವಾದರೆ ಮಕ್ಕಳಿಗೆ ಹಾನಿಯಾಗದಂತೆ ಏನು ಮಾಡುತ್ತೇವೆ ಎಂದು ತೋರಿಸಬೇಕು. ನಮ್ಮಲ್ಲಿ ಶಾಲೆಗೆ ಅನುಮತಿ ಕೊಡುವಾಗ ಆಟದ ಮೈದಾನ ಇದೆಯೇ, ಅಗ್ನಿಶಾಮಕ ದಳದ ಪತ್ರ ಇದೆಯೇ ಎಂದು ಕೇಳುತ್ತಾರೆ. ಗೇಟಿನ ಎದುರು ದಿನಕ್ಕೆ ಎಷ್ಟು ಲಾರಿ ಹೋಗುತ್ತವೆ ಎಂದು ಕೇಳುವವರಿಲ್ಲ. 2019ರಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ನಲ್ಲಿ ಬಂದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ಮಕ್ಕಳಿಗೆ ಹೊಸದಾಗಿ ಆಸ್ತಮಾ ಬರುವುದರಲ್ಲಿ ನೈಟ್ರೋಜನ್ ಡೈಆಕ್ಸೈಡ್‌ನ ಪಾತ್ರವಿದೆ. ರಸ್ತೆಯ ಪಕ್ಕದ ಮಕ್ಕಳ ಕೆಮ್ಮನ್ನು ‘ದೂಳಿನ ಅಲರ್ಜಿ’ ಎಂದು ಔಷಧಿ ಕೊಟ್ಟು ಕಳುಹಿಸಿ ಸುಮ್ಮನಾಗುವ ಕಾಲ ಮುಗಿಯಬೇಕು.

ಸದ್ಯ ಬೆಂಗಳೂರಿನಲ್ಲಿ ಚರ್ಚೆಯಲ್ಲಿರುವ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯನ್ನೇ ತೆಗೆದುಕೊಳ್ಳಿ. ಸುಮಾರು 17 ಕಿ.ಮೀ. ಉದ್ದದ ಯೋಜನೆ. ಖರ್ಚು, ಟೋಲ್, ಲಾಲ್‌ಬಾಗ್‌ನ ಜಾಗ, ಅಂತರ್ಜಲ ಎಲ್ಲದರ ಬಗ್ಗೆ ಮಾತಾಗಿದೆ. ಸುರಂಗದೊಳಗೆ ಓಡುವ ವಾಹನಗಳ ಹೊಗೆ ಮಾಯವಾಗುವುದಿಲ್ಲ. ಅದು ಎರಡು ಬಾಯಿಗಳಿಂದ, ನಡುವಿನ ಇಳಿಜಾರು ದಾರಿಗಳಿಂದ, ಗಾಳಿ ಕೊಳವೆಗಳಿಂದ ಹೊರಗೆ ಬರಲೇಬೇಕು. 17 ಕಿ.ಮೀ. ಉದ್ದಕ್ಕೆ ಹರಡಿ ಹೋಗುತ್ತಿದ್ದ ಹೊಗೆ ಬೆರಳೆಣಿಕೆಯ ಜಾಗಗಳಲ್ಲಿ ಒಟ್ಟಾಗಿ ಬರುತ್ತದೆ. ಆ ಜಾಗಗಳ ಸುತ್ತ ಅರ್ಧ ಕಿ.ಮೀ.ನಲ್ಲಿ ಯಾರಿದ್ದಾರೆ, ಎಷ್ಟು ಶಾಲೆ, ಎಷ್ಟು ಆಸ್ಪತ್ರೆ ಇವೆ ಎಂಬ ನಕ್ಷೆ ಜನರ ಮುಂದೆ ಬರದೆ ಇಂಥ ಯೋಜನೆಗೆ ಒಪ್ಪಿಗೆ ಕೊಡುವುದು ತಪ್ಪು. ಈ ಮಾತು ಪ್ರತಿ ಮೇಲ್ಸೇತುವೆಗೂ, ಲಾರಿ ನಿಲ್ದಾಣಕ್ಕೂ, ಕಸ ಸಂಸ್ಕರಣಾ ಘಟಕಕ್ಕೂ ಅನ್ವಯಿಸುತ್ತದೆ.

ನಕ್ಷೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಕೆಲವೇ ಸಾವಿರ ರೂಪಾಯಿಗೆ ಸಿಗುವ ಸೆನ್ಸರ್‌ಗಳು ತೇವ ಹೆಚ್ಚಿದ ದಿನ ನೀರಿನ ಹನಿಯನ್ನೂ ದೂಳೆಂದು ಎಣಿಸುತ್ತವೆ. ದೊಡ್ಡ ಯಂತ್ರದ ಪಕ್ಕದಲ್ಲಿಟ್ಟು ತಾಳೆ ನೋಡದೆ ಅವುಗಳ ಮಾತು ಕೇಳುವಂತಿಲ್ಲ. ಉಪಗ್ರಹ ಹಲವು ಕಿಲೋಮೀಟರ್ ಅಗಲದ ಚೌಕವನ್ನು ಒಟ್ಟಿಗೆ ನೋಡುತ್ತದೆ, ಮಳೆಗಾಲದ ಮೋಡದಲ್ಲಿ ಕುರುಡಾಗುತ್ತದೆ. ಕಾರಿನಲ್ಲಿ ಅಳೆಯುವವರು ಕಾರು ಹೋಗುವ ಬೀದಿಯನ್ನಷ್ಟೇ ಅಳೆಯುತ್ತಾರೆ. ಕೊಳೆಗೇರಿಯ ಮೂರಡಿ ಓಣಿ, ಸೌದೆ ಒಲೆಯ ಹೊಗೆ ಸೇರಿದ ಅಲ್ಲಿನ ಗಾಳಿ ನಕ್ಷೆಯಲ್ಲಿ ಖಾಲಿ ಜಾಗವಾಗಿ ಉಳಿಯುತ್ತದೆ, ಖಾಲಿ ಜಾಗವನ್ನು ನಾವು ಸ್ವಚ್ಛ ಎಂದು ಓದಿಬಿಡುತ್ತೇವೆ. ಅಲ್ಲಿಗೆ ಯಂತ್ರವನ್ನು ಕೈಯಲ್ಲಿ ಹಿಡಿದು ನಡೆದೇ ಹೋಗಬೇಕು. ಆಶಾ ಕಾರ್ಯಕರ್ತೆಯರು, ಕಾಲೇಜು ವಿದ್ಯಾರ್ಥಿಗಳು ಈ ಕೆಲಸ ಮಾಡಬಲ್ಲರು. ಇನ್ನೊಂದು ಅಪಾಯ ಬಾಡಿಗೆಯದ್ದು. ಒಂದು ಬೀದಿಯ ಗಾಳಿ ಸುಧಾರಿಸಿತು ಎಂದು ನಕ್ಷೆ ಸಾರಿದ ಮೇಲೆ ಮನೆ ಬಾಡಿಗೆ ಏರಿ, ಇಷ್ಟು ವರ್ಷ ಹೊಗೆ ಕುಡಿದವರೇ ಜಾಗ ಖಾಲಿ ಮಾಡಬೇಕಾಗಬಹುದು. ಊರಿನ ಮೇಲೆಲ್ಲ ಕವಿದ ಪಿಎಂ 2.5 ಬೀದಿಯ ಉಪಾಯಗಳಿಗೆ ಬಗ್ಗುವುದಿಲ್ಲ ಎಂಬುದನ್ನೂ ಮರೆಯಬಾರದು. ಅದಕ್ಕೆ ಜಿಲ್ಲೆ, ರಾಜ್ಯಗಳ ಗಡಿ ಮೀರಿದ ಕೆಲಸ ಬೇಕು, ವಾಹನಗಳ ಸಂಖ್ಯೆಯೇ ಇಳಿಯಬೇಕು.

ಇಷ್ಟೆಲ್ಲ ಅಳೆದು ಏನಾಗಬೇಕು ಎನ್ನುವವರಿಗೆ ಲಂಡನ್ನಿನ ಬಾಲಕಿ ಎಲ್ಲಾ ಅಡೂ ಕಿಸ್ಸಿ ಡೆಬ್ರಾಳ ಪ್ರಕರಣ ಹೇಳಬೇಕು. ಆಕೆಯ ಮನೆ ದಕ್ಷಿಣ ವರ್ತುಲ ರಸ್ತೆಗೆ ತೀರಾ ಹತ್ತಿರವಿತ್ತು. ತೀವ್ರ ಆಸ್ತಮಾದಿಂದ ಮೂರು ವರ್ಷಗಳಲ್ಲಿ ಮತ್ತೆ ಮತ್ತೆ ಆಸ್ಪತ್ರೆ ಸೇರಿ, 2013ರ ಫೆಬ್ರುವರಿಯಲ್ಲಿ ಒಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡಳು. ತಜ್ಞರೊಬ್ಬರು ಆಕೆ ಆಸ್ಪತ್ರೆಗೆ ದಾಖಲಾದ ದಿನಗಳನ್ನೂ ಹತ್ತಿರದ ಮಾಪನ ಕೇಂದ್ರಗಳ ಅಂಕಿಗಳನ್ನೂ ಎದುರುಬದುರು ಇಟ್ಟು ನೋಡಿದರು. 2020ರ ಡಿಸೆಂಬರಿನಲ್ಲಿ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ, ಆ ಸಾವಿಗೆ ವಾಯುಮಾಲಿನ್ಯವೂ ಕಾರಣ ಎಂದು ದಾಖಲಿಸಿದರು. ಗಾಳಿ ಕೆಟ್ಟಿದೆ ಎಂಬ ಮಾಹಿತಿಯನ್ನು ತಾಯಿಗೆ ಯಾರೂ ಕೊಟ್ಟಿರಲಿಲ್ಲ, ಕೊಟ್ಟಿದ್ದರೆ ಆಕೆ ಏನಾದರೂ ಮಾಡುತ್ತಿದ್ದರು ಎಂದೂ ಹೇಳಿದರು. ಅಂಕಿಗಳು ಇದ್ದವು. ಅವು ಆ ಮನೆಯವರೆಗೆ ಬರಲಿಲ್ಲ. ಹಳೆಯ ವಾಹನಗಳಿಗೆ ದಿನಕ್ಕೆ 12.50 ಪೌಂಡ್ ಶುಲ್ಕ ಹಾಕುವ ವಲಯವನ್ನು 2019ರಲ್ಲಿ ನಗರದ ನಡುವೆ ಶುರುಮಾಡಿದ ಲಂಡನ್, ವಿರೋಧಗಳನ್ನು ಎದುರಿಸಿಯೇ 2023ರ ಆಗಸ್ಟ್‌ನಲ್ಲಿ ಅದನ್ನು ಇಡೀ ನಗರಕ್ಕೆ ವಿಸ್ತರಿಸಿತು.

ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ. ಹೊಸ ಪಾಲಿಕೆಗಳು ಹೊಸ ರೂಢಿ ಹಾಕಲು ಇದೇ ಸಮಯ. ಪ್ರತಿ ಪಾಲಿಕೆಯೂ ತನ್ನ ವ್ಯಾಪ್ತಿಯ ಶಾಲೆ, ಅಂಗನವಾಡಿ, ಆಸ್ಪತ್ರೆ, ಬಸ್ ನಿಲ್ದಾಣ, ಮಾರುಕಟ್ಟೆ ಮತ್ತು ಕೊಳೆಗೇರಿಗಳಲ್ಲಿ ಮಸಿ ಹಾಗೂ ನೈಟ್ರೋಜನ್ ಡೈಆಕ್ಸೈಡ್ ಅಳೆಸಬೇಕು. ವಾರ್ಡ್‌ವಾರು ನಕ್ಷೆಯನ್ನು ಕನ್ನಡದಲ್ಲಿ, ವಾರ್ಡ್ ಕಚೇರಿಯ ಗೋಡೆಯ ಮೇಲೆ ಹಚ್ಚಬೇಕು. ಬಜೆಟ್ಟಿನಲ್ಲಿ ಶುದ್ಧ ಗಾಳಿಯ ಹಣ ಅತಿ ಹೆಚ್ಚು ಹೊಗೆ ಉಸಿರಾಡುವ ಬೀದಿಗಳಿಗೆ ಮೊದಲು ಹೋಗಬೇಕು, ಸಾಧನೆಯನ್ನೂ ಆ ಬೀದಿಗಳಲ್ಲೇ ಅಳೆಯಬೇಕು. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಗಳಲ್ಲಿ ಮಾಪನ ಕೇಂದ್ರಗಳು ಇನ್ನೂ ಕಡಿಮೆ. ಅಲ್ಲಿ ಈ ಕೆಲಸ ಇನ್ನೂ ತುರ್ತು. ಓದುಗರಲ್ಲಿ ನನ್ನದೊಂದು ಕೋರಿಕೆ ಇದೆ. ಮುಂದಿನ ಬಾರಿ ನಿಮ್ಮ ಬಡಾವಣೆಯ ಸಭೆಗೆ ಕಾರ್ಪೊರೇಟರೋ ಶಾಸಕರೋ ಬಂದಾಗ, ರಸ್ತೆ, ನೀರು, ಚರಂಡಿಯ ಮಾತಿನ ಜೊತೆಗೆ ನಿಮ್ಮ ಮಕ್ಕಳ ಶಾಲೆಯ ಗೇಟಿನಲ್ಲಿ ಗಾಳಿ ಅಳೆದ ಅಂಕಿ ಎಷ್ಟು ಎಂದು ಕೇಳಿ. ಗೊತ್ತಿಲ್ಲ ಎಂದರೆ ಯಾವ ತಿಂಗಳೊಳಗೆ ಅಳೆಸುತ್ತೀರಿ ಎಂದು ಬರೆಸಿಕೊಳ್ಳಿ.